ಗಣಿಯ ಅಂಚಿನಲ್ಲಿ ಮಗಳು

ಶಹಾಬಾದಿನ ನಮ್ಮ ಮನೆಯ ಹಿಂದೆ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯಲ್ಲಿ ಮಳೆನೀರು ತುಂಬಿತ್ತು. ಯೇಸು ಕರೆದಾಗ ಶಿಷ್ಯನೊಬ್ಬ ನೀರಿನ ಮೇಲೆ ನಡೆದ, ಮುಳುಗತೊಡಗಿದಾಗ ಯೇಸುವೇ ಅವನ ಕೈಹಿಡಿದ ಕಥೆಯನ್ನು ಒಂದು ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಹೇಳಿದವಳು ನಾನೇ. ಮರುದಿನ ಮಧ್ಯಾಹ್ನ ಐದು ವರ್ಷದ ಮಗಳು ಮನೆಯಲ್ಲಿ ಕಾಣಲಿಲ್ಲ. ಗಣಿಯತ್ತ ಓಡಿದೆ. ಅವಳು ಅಂಚಿನಲ್ಲಿ ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಿದ್ದಳು. ಕೂಗಿದರೆ ಬೆಚ್ಚಿ ನೀರಿಗೆ ಬಿದ್ದಾಳೆಂದು ಉಸಿರು ಬಿಗಿಹಿಡಿದು ಹತ್ತಿರ ಹೋದೆ. ಅವಳು ಕಾಲು ಮುಂದಿಡುವಷ್ಟರಲ್ಲಿ ರಟ್ಟೆ ಹಿಡಿದು ಎಳೆದುಕೊಂಡೆ.

"ಯಾಕ ಎಳದಿ ಅವ್ವಾ? ಯೇಸಪ್ಪ ಕರಿಲಿಕತ್ತಿದ್ದ," ಎಂದು ಅತ್ತಳು.

"ನೀರು ಭಾಳ ಆಳ ಅದ, ಮುಳುಗ್ತಿದ್ದಿ."

"ಅಂವ ಹಿಡಿತಿದ್ದ. ನಿನಗ ನಂಬಿಕಿ ಇಲ್ಲೇನು?"

ಅವಳನ್ನು ಎತ್ತಿಕೊಂಡು ಮನೆಗೆ ಬಂದೆ. ಅಂದಿನಿಂದ ಹಿತ್ತಲ ಬಾಗಿಲಿಗೆ ಬೀಗ ಹಾಕುತ್ತೇನೆ. ಅವಳು ಹಟ ಮಾಡುವುದಿಲ್ಲ. ದಿನಾ ಸಂಜೆ ಕಿಟಕಿಯ ಸರಳು ಹಿಡಿದು, ನೀರಿನತ್ತ ನೋಡುತ್ತ ಸುಮ್ಮನೆ ನಿಂತಿರುತ್ತಾಳೆ.