ಬೀಗರು ಸಾಕೆಂದ ಊಟ

ರಾಜೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಬಕ್ಕಪ್ಪನಿಗೆ ದೇವರು ಒಂದೇ ಒಂದು ವಿದ್ಯೆ ಕೊಟ್ಟಿದ್ದಾನೆ. ಹೈದರಾಬಾದಿನಲ್ಲಿ ಕಡಿಮೆ ದುಡ್ಡಿಗೆ ಎಲ್ಲಿ ಹೊಟ್ಟೆ ತುಂಬುತ್ತದೆ ಎಂಬುದು ಅವನಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷ, ತಿಂಗಳಿಗೊಮ್ಮೆ ಸಾಮಾನು ತರಲು ಹೋಗಿ ಗಳಿಸಿದ ವಿದ್ಯೆ ಅದು. ಚಾರ್ಮಿನಾರ್ ಯಾವ ದಿಕ್ಕಿಗಿದೆ ಎಂದರೆ ತಡವರಿಸುತ್ತಾನೆ. ಯಾವ ಗಲ್ಲಿಯಲ್ಲಿ ಮೂರನೆಯ ಸಲ ಸಾರು ಕೇಳಿದರೂ ಮುಖ ಗಂಟಿಕ್ಕುವುದಿಲ್ಲ ಎಂಬುದನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಪಕ್ಕದ ಟೇಲರ್ ಗಯಾಸುದ್ದೀನ್ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಎಂಟು ದಿನ ಅಲ್ಲಿದ್ದಾಗ ಬಕ್ಕಪ್ಪ ಬರೆದುಕೊಟ್ಟ ಚೀಟಿ ಹಿಡಿದೇ ಉಂಡ. ಅವನು ಎರಡು ಕಿಲೋ ದಪ್ಪಗಾಗಿ ಬಂದನೆಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನೂ ಬಕ್ಕಪ್ಪನೇ.

ಇಂಥವನ ಮಗಳು ಸ್ನೇಹಲ್‌ಗೆ ಹುಮನಾಬಾದಿನ ಸಂಬಂಧ ಕೂಡಿಬಂತು. ಗಂಡಿನ ತಂದೆ ಶಂಕರಲಿಂಗ ತೊಗರಿ ವ್ಯಾಪಾರಿ, ಮಾತು ಕಡಿಮೆ. ತಾಯಿ ಶಕುಂತಲಾಬಾಯಿಗೆ ಆ ಕೊರತೆ ಇರಲಿಲ್ಲ. ಮದುವೆ ಸೀರೆ ಆರಿಸಲು ಸ್ನೇಹಲ್‌ಳನ್ನೂ ಕರೆದುಕೊಂಡು ಬೀಗರೊಂದಿಗೆ ಹೈದರಾಬಾದಿಗೆ ಹೋಗುವುದೆಂದಾದಾಗ, ಊಟದ ಜವಾಬ್ದಾರಿ ತನ್ನದು ಎಂದು ಬಕ್ಕಪ್ಪ ಎದೆ ತಟ್ಟಿ ಹೇಳಿದ.

"ಬೀಗರನ್ನ ಯಾವುದರೇ ದೊಡ್ಡ ಹೋಟೆಲಿಗಿ ಕರ್ಕೊಂಡು ಹೋಗ್ರಿ. ನಿಮ್ಮ ಶಾಣ್ಯಾತನ ಅಲ್ಲಿ ತೋರಸಬ್ಯಾಡ್ರಿ" ಎಂದಳು ಹೆಂಡತಿ ಸಂಗಮ್ಮ. ಹೋಗುವ ದಿನ ಅಂಗಡಿ ನೋಡಿಕೊಳ್ಳುವ ಪಾಳಿ ಅವಳದು.

"ದೊಡ್ಡ ಹೋಟೆಲಿನಾಗ ಎಣಿಸಿ ಎರಡು ರೊಟ್ಟಿ ಕೊಡ್ತಾರ. ನಾ ಕರ್ಕೊಂಡು ಹೋಗೂ ಜಾಗಾದಾಗ ಸಾಕು ಅನ್ನೂತನಕ ನೀಡ್ತಾರ!"

ಬಕ್ಕಪ್ಪ ಜಿಪುಣನೆಂದು ಯಾರಾದರೂ ತಿಳಿದರೆ ತಪ್ಪು. ಅವನ ಒಳಗಿದ್ದದ್ದು ಹೆದರಿಕೆ. ಅವನ ಅಕ್ಕನನ್ನು ಬೇಮಳಖೇಡಕ್ಕೆ ಕೊಟ್ಟಾಗ ಬೀಗರ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಸಾಲದೆ ಹೋಗಿತ್ತು. ಆ ತುಪ್ಪದ ಮಾತನ್ನು ಅಕ್ಕ ಹದಿನಾಲ್ಕು ವರ್ಷ, ಅತ್ತೆ ಕಣ್ಣು ಮುಚ್ಚುವವರೆಗೆ, ಕೇಳಿದಳು. ತವರಿಗೆ ಬಂದಾಗಲೆಲ್ಲ ಹಿತ್ತಲಲ್ಲಿ ಕೂತು ಅಳುತ್ತಿದ್ದಳು. ಬೀಗರು ಅರೆಹೊಟ್ಟೆಯಲ್ಲಿ ಎದ್ದರೆ ಹೆಣ್ಣಿನ ಗತಿ ಏನೆಂದು ಅವನು ಕಣ್ಣಾರೆ ಕಂಡಿದ್ದ.

ಹೈದರಾಬಾದಿನ ಸೀರೆ ಅಂಗಡಿಯಲ್ಲಿ ಶಕುಂತಲಾಬಾಯಿ ನಲವತ್ತು ಸೀರೆ ಬಿಚ್ಚಿಸಿ ಮೊದಲು ನೋಡಿದ್ದನ್ನೇ ಆರಿಸಿದಾಗ ಮಧ್ಯಾಹ್ನ ಎರಡೂವರೆ. ಎಲ್ಲರ ಹೊಟ್ಟೆ ತಾಳ ಹಾಕುತ್ತಿತ್ತು. ಬಕ್ಕಪ್ಪ ಅವರನ್ನು ಎರಡು ಗಲ್ಲಿ ದಾಟಿಸಿ, ಕಿರಿದಾದ ಮೆಟ್ಟಿಲು ಹತ್ತಿಸಿ, ತನ್ನ ಮೆಚ್ಚಿನ ಮೆಸ್ಸಿಗೆ ಕರೆದೊಯ್ದ. ನೂರಾ ಇಪ್ಪತ್ತು ರೂಪಾಯಿ, ಎಷ್ಟು ಬೇಕಾದರೂ ಉಣ್ಣಬಹುದು. ಮೊದಲಿಗೆ ಎರಡು ಪುಲ್ಕಾ, ಒಂದು ಪಲ್ಯ, ಹಿಡಿ ಅನ್ನ, ಬೇಳೆ ಬಂದವು. ಶಂಕರಲಿಂಗ ಎರಡೂ ಪುಲ್ಕಾ ಎರಡು ನಿಮಿಷದಲ್ಲಿ ಮುಗಿಸಿದ. ಬಡಿಸುವವನು ಬುಟ್ಟಿ ಹಿಡಿದು ಬಂದು "ರೋಟಿ ಹೋನಾ?" ಎಂದು ಕೇಳಿದ.

ನಮ್ಮ ಕಡೆ ಬೀಗರು ಮೊದಲ ಸಲಕ್ಕೇ ಹಾಕ್ರಿ ಎನ್ನುವ ಪದ್ಧತಿ ಇಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆಣೆ ಹಾಕಬೇಕು, ಮೂರನೆಯ ಸಲ ಕೈ ತಾನಾಗಿ ಸಡಿಲವಾಗಬೇಕು. ಶಂಕರಲಿಂಗ ಪದ್ಧತಿಯಂತೆ ಕೈ ಅಡ್ಡ ಹಿಡಿದು "ಸಾಕು" ಎಂದ. ಬಡಿಸುವವನು ನಂಬಿ ಮುಂದೆ ಹೋದ. ಶಕುಂತಲಾಬಾಯಿ ಅನ್ನಕ್ಕೆ "ಹೊಟ್ಟಿ ತುಂಬ್ಯದ" ಎಂದಳು, ಅದನ್ನೂ ನಂಬಿದ. ಮನುಷ್ಯರ ಮಾತನ್ನು ಇಷ್ಟು ಪ್ರಾಮಾಣಿಕವಾಗಿ ನಂಬುವ ಜನ ಹೈದರಾಬಾದಿನಲ್ಲಿದ್ದಾರೆಂದು ಬಕ್ಕಪ್ಪನಿಗೆ ಗೊತ್ತೇ ಇರಲಿಲ್ಲ. ಒಬ್ಬನೇ ಬಂದಾಗ ನಾಚಿಕೆ ಬಿಟ್ಟು ಕೇಳಿ ಕೇಳಿ ಉಣ್ಣುತ್ತಿದ್ದವನಿಗೆ ಇದು ಹೊಳೆದಿರಲೂ ಇಲ್ಲ.

ಬಕ್ಕಪ್ಪ ಬಡಿಸುವವನನ್ನು ಕರೆದು, ಅವರಿಗೆ ಇನ್ನೊಂದಿಷ್ಟು ಹಾಕಪ್ಪ ಎಂದು ಕಣ್ಸನ್ನೆ ಮಾಡಿದ. "ಉನೋ ನಕ್ಕೋ ಬೋಲೇನಾ!" ಎಂದು ಅವನು ಇಡೀ ಹಾಲಿಗೆ ಕೇಳುವಂತೆ ಹೇಳಿದ. ಅವರೇ ಬೇಡವೆಂದ ಮೇಲೆ ತನ್ನದೇನು ತಪ್ಪು ಎಂಬುದು ಅವನ ವಾದ. ಬೀಗರು ಈಗ ಇನ್ನೂ ಗಟ್ಟಿಯಾಗಿ ಬೇಡವೆಂದರು.

ಬೀಗರ ಪಕ್ಕದಲ್ಲಿ ಕೂತಿದ್ದ ಸ್ನೇಹಲ್ ಎದ್ದು ಬಂದು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. "ಅಪ್ಪಾ, ಅತ್ತಿಯವರು ಹಸದಾರ. ಆಜೂಬಾಜೂದವರ ತಾಟು ನೋಡಾಕತ್ತಾರ."

ಬಕ್ಕಪ್ಪ ಎದ್ದವನೇ ಅಂಗಿಯ ತೋಳು ಮಡಚಿ, ಬಡಿಸುವವನ ಕೈಯಿಂದ ಬುಟ್ಟಿ ಕಸಿದುಕೊಂಡ. "ನನ್ನ ಆಣಿ ಅದರಿ, ಒಂದರೇ ತಗೋಬೇಕು!" ಶಂಕರಲಿಂಗನ ಕೈ ಅಡ್ಡ ಬಂತು. ಮೂರನೆಯ ಸಲ ಸಡಿಲವಾಯಿತು. ಒಂದಲ್ಲ, ನಾಲ್ಕು ಪುಲ್ಕಾ ಇಳಿದವು. ಅನ್ನ ಎರಡು ಸಲ, ಮಜ್ಜಿಗೆ ಎರಡು ಸಲ. ಶಕುಂತಲಾಬಾಯಿ "ಅಯ್ಯ, ಎಷ್ಟ್ ಒತ್ತಾಯ ಮಾಡ್ತೀರಿ!" ಎಂದು ಸಂತೋಷದಿಂದ ಬೈದಳು. ಅಷ್ಟರಲ್ಲಿ ಆಚೆ ಟೇಬಲ್ಲಿನವನೊಬ್ಬ ಚಿಟಿಕೆ ಹೊಡೆದು ಸಾಂಬಾರ್ ಕೇಳಿದ. ಚಾಚಿದ ತಾಟಿಗೆ ಇಲ್ಲವೆನ್ನುವುದು ಬಕ್ಕಪ್ಪನಿಂದಾಗದ ಕೆಲಸ, ಅವನಿಗೂ ಹಾಕಿದ. ಅವನ ಪಕ್ಕದವನಿಗೂ ಹಾಕಿದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನ ಮೊದಲು ಕೂಗಾಡಿದ. ಪುಕ್ಕಟೆ ಆಳು ಸಿಕ್ಕಿದ್ದಾನೆಂದು ಗೊತ್ತಾದ ಮೇಲೆ ಸುಮ್ಮನಾದ.

ಕೊನೆಗೆ ಬಕ್ಕಪ್ಪ ಬೆವರು ಒರೆಸಿಕೊಂಡು ತನ್ನ ತಾಟಿನ ಮುಂದೆ ಕೂತ. ಬಡಿಸುವವನು ಅನ್ನದ ಬಕೆಟ್ ತಂದು "ಚಾವಲ್ ಹೋನಾ?" ಎಂದ. ಬೆಳಿಗ್ಗೆಯಿಂದ ಬಕ್ಕಪ್ಪನ ಹೊಟ್ಟೆಗೆ ಬಿದ್ದದ್ದು ಎರಡು ಪುಲ್ಕಾ ಅಷ್ಟೇ. ಈ ಮೆಸ್ಸಿನ ರೀತಿ ಅವನಷ್ಟು ಬಲ್ಲವರು ಜಿಲ್ಲೆಯಲ್ಲೇ ಇಲ್ಲ. ಆದರೂ ಎದುರಿಗೆ ಬೀಗರು ಕೂತಿದ್ದರಲ್ಲ, ಅವನ ಬಾಯಿಂದ ಬಂದದ್ದು "ಸಾಕು."

ಬಡಿಸುವವನು ಹೊರಟ. ಎರಡು ಹೆಜ್ಜೆ ಇಡುವುದರೊಳಗೆ ಶಂಕರಲಿಂಗ ಎದ್ದು ಅವನ ಬಕೆಟ್ ಹಿಡಿದ. ಬಕ್ಕಪ್ಪ ಗಾಬರಿಯಿಂದ ಎದ್ದು ನಿಂತ. ಹೆಣ್ಣಿನವರು ನಿಂತು ಬಡಿಸುವುದು, ಗಂಡಿನವರು ಕೂತು ಉಣ್ಣುವುದು. ಇದು ತಿರುವುಮುರುವಾದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಏ ಬ್ಯಾಡ್ರಿ ಬೀಗರ, ನೀವು ನೀಡಬಾರದ್ರಿ! ನಂಗ ಖರೇನೇ ಸಾಕಾಗ್ಯದ!"

ಶಂಕರಲಿಂಗ ಅವನ ಹೆಗಲ ಮೇಲೆ ಕೈ ಇಟ್ಟು ಕೂರಿಸಿದ.

"ಕುಂದರ್ರಿ ಸುಮ್ಮ. ನಿಮ್ಮ ಮಗಳು ನಮ್ಮನಿಗಿ ಬರಾಕಿ. ಹೊಸಾ ಮನಿ, ಆಕಿನೂ ಹಸಿವಿದ್ರೂ ಸಾಕು ಅಂತಾಳ. ಆಗ ನಾವು ಹ್ಯಾಂಗ ನೀಡ್ತೀವಿ ಅನ್ನೂದು ಇವತ್ತು ನೋಡಿಕೋರಿ."

ತಾಟಿಗೆ ಅನ್ನ ಬಿತ್ತು, ಅದರ ಮೇಲೆ ಬೇಳೆ ಬಿತ್ತು. ಬಕ್ಕಪ್ಪ ತಲೆ ಬಗ್ಗಿಸಿಕೊಂಡೇ ಉಂಡ. ಎತ್ತಿದರೆ ಎದುರಿಗಿದ್ದ ಮಗಳ ಮುಖ ನೋಡಬೇಕಾಗುತ್ತಿತ್ತು.