ಆಳ ಕಡಲಿನ ಒತ್ತಡಕ್ಕೆ ಹರಿಹರದ ಕಿಟಕಿ

ನಸುಕಿನ ಹೊತ್ತು; ಹೊಳೆಯ ಸೇತುವೆ ಮೇಲಿನ ಲಾರಿಗಳ ದೀಪ ಇನ್ನೂ ಆರಿಲ್ಲ. ಹರಿಹರದ ಅಂಚಿನ ತಗಡಿನ ಶೆಡ್‌ನಲ್ಲಿ ನೂರ್ಜಹಾನ್ ದಪ್ಪ ಉಕ್ಕಿನ ಸಿಲಿಂಡರಿಗೆ ನೀರು ತುಂಬುತ್ತಿದ್ದಾರೆ. ಗಾಳಿಗುಳ್ಳೆ ಉಳಿಯಬಾರದೆಂದು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ವರದಿಗೆಂದು ಬಂದ ನನಗೆ ಹೇಳುತ್ತಾರೆ: "ನೀರಾದ್ರೆ ಸೋರಿ ಸುಮ್ನಾಗ್ತೈತೆ. ಗಾಳಿ ಸಿಕ್ಕೊಂಡಿದ್ರೆ ಬಾಂಬೇ ರೀ."

ಸಿಲಿಂಡರಿಗೆ ಅಂಗೈಯಗಲದ ಗಾಜಿನ ಕಿಟಕಿಯಿದೆ. ಆಳ ಸಮುದ್ರದ ಎಷ್ಟೋ ಜೀವಿಗಳು ಮೇಲೆ ತಂದರೆ ಒತ್ತಡ ಇಳಿದು ಸಾಯುತ್ತವೆ. ಅಲ್ಲಿನ ಒತ್ತಡವನ್ನೇ ಒಳಗೆ ಹಿಡಿದಿಟ್ಟು, ಈ ಕಿಟಕಿಯಿಂದ ಅವುಗಳನ್ನು ಜೀವಂತ ನೋಡಬೇಕು. ಅದಕ್ಕಾಗಿ ಕರಾವಳಿಯ ಪ್ರಯೋಗಾಲಯದಿಂದ ಸುಷ್ಮಾ ಬಂದಿದ್ದಾರೆ. ಪಕ್ಕದ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೆಳೆದವರು. ನಾಳೆ ಅವರ ಹಡಗು ಹೊರಡುತ್ತದೆ.

ಇಲ್ಲಿನ ಉಕ್ಕು ಕಡೆಯುವ ಲೇತ್ ಮೊದಲು ನೂರ್ಜಹಾನ್ ಅವರ ಗಂಡ ಜಾಫರ್ ಅವರ ಕೈಯಲ್ಲಿತ್ತು. ಬೇರೊಂದು ಕಾರ್ಖಾನೆಯಲ್ಲಿ ಗಾಳಿ ತುಂಬಿ ಪರೀಕ್ಷಿಸುತ್ತಿದ್ದ ಟ್ಯಾಂಕ್ ಸಿಡಿದು ಅವರ ಎರಡೂ ಕಣ್ಣು ಹೋದವು. ಅವರು ಬಾಯಲ್ಲಿ ಹೇಳಿಕೊಟ್ಟರು, ಇವರು ಕೈಯಲ್ಲಿ ಕಲಿತರು. "ಹೆಂಗಸು ಲೇತ್ ಮುಂದೆ ನಿಲ್ಲೋದಾ ಅಂದ್ರು. ಹೊಟ್ಟೆ ಕೇಳ್ಬೇಕಲ್ರಿ?"

ನಾವೆಲ್ಲ ಮರಳುಚೀಲಗಳ ಗೋಡೆಯ ಹಿಂದೆ ಕೂರುತ್ತೇವೆ. ಒತ್ತಡ ತೋರಿಸುವ ಮಾಪಕದ ಮುಳ್ಳು ಕಾಣಲೆಂದು ಎದುರಿಗೆ ಕನ್ನಡಿ ತೂಗುಹಾಕಿದೆ. ನೂರ್ಜಹಾನ್ ಪಂಪಿನ ಹಿಡಿ ಒತ್ತುತ್ತಾರೆ. ಮುಳ್ಳು ಏರುತ್ತದೆ, ನಾಲ್ಕು ಕಿಲೋಮೀಟರ್ ಆಳದ ಒತ್ತಡ ಮುಟ್ಟುತ್ತದೆ. ಆಮೇಲೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ.

"ನೂರ್, ಹನಿ ಬೀಳ್ತೈತೆ," ಎನ್ನುತ್ತಾರೆ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುವ ಜಾಫರ್.

ನೋಡಲೆಂದು ಸುಷ್ಮಾ ಎದ್ದೇಬಿಡುತ್ತಾರೆ. ನೂರ್ಜಹಾನ್ ತೋಳು ಹಿಡಿದು ಎಳೆಯುತ್ತಾರೆ. "ಕೂಡ್ರಿ ಮೇಡಂ! ತಲೆ ಎತ್ತಬ್ಯಾಡ್ರಿ! ಗಾಜು ಸಿಡಿದ್ರೆ?"

ಒತ್ತಡ ಪೂರ್ತಿ ಇಳಿದ ಮೇಲೆಯೇ ಮುಚ್ಚಳ ಬಿಚ್ಚುತ್ತಾರೆ. ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ ಹರಿದಿದೆ. ಅದು ಕೂರುವ ತೋಡಿನ ಅಂಚಿನಲ್ಲಿ ಉಕ್ಕಿನ ಸಣ್ಣ ಸಿಬಿರು. "ನನ್ ತಪ್ಪೇ. ಉಜ್ಜೋದ್ರಾಗ ಬಿಟ್ಟೀನಿ."

"ಉಜ್ಜಿ, ಹೊಸ ಉಂಗುರ ಹಾಕಿ ಕೊಟ್ಬಿಡ್ರಿ ಅಕ್ಕ. ಮತ್ತೆ ಟೆಸ್ಟ್ ಮಾಡ್ತಾ ಕೂತ್ರೆ ಹಡಗು ತಪ್ಪುತ್ತೆ," ಎನ್ನುತ್ತಾರೆ ಸುಷ್ಮಾ.

"ಹಡಗು ಇನ್ನೊಂದು ಬರ್ತೈತೆ. ಕಣ್ಣು ಬರಂಗಿಲ್ರಿ."

ಸುಷ್ಮಾ ಜಾಫರ್ ಅವರತ್ತ ನೋಡಿ, ಮರಳುಚೀಲಗಳ ಹಿಂದೆ ಮರಳಿ ಕೂರುತ್ತಾರೆ. ಊಟ ಯಾರಿಗೂ ಬೇಕಿಲ್ಲ. ನೂರ್ಜಹಾನ್ ತೋಡನ್ನು ನಯಗೊಳಿಸಿ, ಬೆರಳಾಡಿಸಿ, ಮತ್ತೆ ನಯಗೊಳಿಸುತ್ತಾರೆ. ಮಧ್ಯಾಹ್ನ ಪುನಃ ಪಂಪು. ಈ ಸಲ ಮುಳ್ಳು ಏರಿ, ನಿಲ್ಲುತ್ತದೆ. ಕಾಯುತ್ತೇವೆ. ಕದಲುವುದಿಲ್ಲ. ಜಾಫರ್ ಕಿವಿಗೊಟ್ಟು ಕೇಳಿ, ಹನಿಯ ಸದ್ದಿಲ್ಲವೆಂದು ತಲೆಯಾಡಿಸುತ್ತಾರೆ. ಸಂಜೆಗೆ ಸಿಲಿಂಡರ್ ಕರಾವಳಿಯ ದಾರಿ ಹಿಡಿಯುತ್ತದೆ.

ಕೆಲವು ವಾರಗಳ ನಂತರ ನಾನು ಮತ್ತೆ ಹೋದಾಗ ನೂರ್ಜಹಾನ್ ಮೊಬೈಲ್ ಹಿಡಿದು ಕೂತಿದ್ದಾರೆ. ಸುಷ್ಮಾ ವಿಡಿಯೊ ಕಳಿಸಿದ್ದಾರೆ.

"ಏನ್ ಕಾಣ್ತೈತೆ? ಹೇಳೇ," ಜಾಫರ್ ಅವಸರಪಡಿಸುತ್ತಾರೆ.

"ಸಿಗಡಿ ರೀ. ಬೆಳ್ಳಗೆ, ಕಿರುಬೆರಳಷ್ಟೈತೆ. ಗಾಜಿನ ಹತ್ರ ಬಂತು... ಕಾಲು ಆಡಿಸ್ತೈತೆ," ಎನ್ನುತ್ತಾ ಗಂಡನ ಅಂಗೈ ಮೇಲೆ ಬೆರಳಾಡಿಸಿ ತೋರಿಸುತ್ತಾರೆ. "ಹಿಂಗೆ ರೀ. ಜೀವಂತ ಐತೆ."