ಶೇರವಾನಿಯೊಳಗಿನ ಎರಡು ಬೆರಳು ಬಟ್ಟೆ

ಯಲಬುರ್ಗಾದ ತಹಸೀಲ್ದಾರರು ಮಗನ ಮದುವೆಯ ದಾವತ್ತಿಗೆ ನಮ್ಮ ಶಾಲೆಯವರನ್ನೆಲ್ಲ ಕರೆದಿದ್ದರು. ಶೇರವಾನಿ ಇಲ್ಲದೆ ಹೋಗುವಂತಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬನೇ ಸಿಂಗರಿಸಿಕೊಂಡು ಹೊರಡಲು ನನಗೆ ನಾಚಿಕೆ. ಆದರೂ ಅವಳು ಹಿಂದೆ ಹೊಲಿಸಿಕೊಟ್ಟ ಶೇರವಾನಿಯನ್ನು ಕೊಪ್ಪಳದ ಅದೇ ದರ್ಜಿಯ ಬಳಿಗೆ ಒಯ್ದೆ. ಅದು ಈಗ ಮೈಮೇಲೆ ಜೋಲುತ್ತಿತ್ತು.

"ಭಾಳ ಸೊರಗೀರಿ, ಮಾಸ್ತರ್ರ," ಎನ್ನುತ್ತ ಮುದುಕ ದರ್ಜಿ ಗುಂಡುಸೂಜಿ ಚುಚ್ಚತೊಡಗಿದರು.

"ಒಳಗಿನ ಹೆಚ್ಚಿನ ಅರಿವಿ ಕತ್ತರಿಸಿಬಿಡ್ರಿ, ಚಾಚಾ. ದಪ್ಪ ಕಾಣತೈತಿ."

ಅವರು ಕತ್ತರಿಯನ್ನೇ ಪಕ್ಕಕ್ಕಿಟ್ಟರು. "ಅದು ಆಗೂದಿಲ್ರಿ. ಎರಡು ಬೆರಳು ಹೆಚ್ಚಿಗಿ ಬಿಡ್ರಿ ಅಂತ ನಿಮ್ಮ ಮನಿ ಅಕ್ಕಾರು ಇಲ್ಲೇ ನಿಂತು ಬಿಡಿಸ್ಯಾರ. 'ವಯಸ್ಸಾದಂಗ ನಮ್ಮವರಿಗೆ ಹೊಟ್ಟಿ ಬರ್ತೈತಿ, ಆವಾಗೂ ಇದು ಛಲೋ ಕೂಡಬೇಕು' ಅಂದಿದ್ರು."

ನಾನು ಶೇರವಾನಿಯ ಒಳಮಗ್ಗುಲು ಮಗುಚಿ, ಆ ಬಟ್ಟೆಯ ಮೇಲೆ ಎರಡು ಬೆರಳಿಟ್ಟು ನೋಡಿದೆ.

"ಕತ್ತರಿಸದಂಗ ಒಳಗ ಹಿಡಿದು ಹೊಲೀತೀನಿ, ಮುಂದ ಬಿಚ್ಚಾಕ ಬರ್ತೈತಿ. ನೀವು ಚಂದಾಗಿ ಹಾಕ್ಕೊಂಡು ಹೋಗ್ರಿ," ಎಂದರು.

ಗುಂಡಿಗಳನ್ನೆಲ್ಲ ಹಾಕಿಕೊಂಡು ಹೋದೆ. ದಾವತ್ತಿನಲ್ಲಿ ಮೂರು ಸಲ ಖೀರು ಹಾಕಿಸಿಕೊಂಡೆ. ಬಡಿಸುವವರು ಮುಸಿಮುಸಿ ನಕ್ಕರು. ಆ ಎರಡು ಬೆರಳು ಬಟ್ಟೆ ಬಿಚ್ಚಿಸುವಷ್ಟು ಮೈ ತುಂಬಿಕೊಳ್ಳಬೇಕಾಗಿದೆ ಎಂದು ಅವರಿಗೆ ಹೇಗೆ ಹೇಳಲಿ?